ಬೂಷ್ಟು ಹಿಡಿದ ಕ್ಯಾಸೆಟ್‌ಗಳಿಂದ ಕೆನ್ ಲೋಚ್ ಅವರನ್ನು ಹೊರತೆಗೆದ ಅಂಗಡಿ

ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವವರು ಶಿವಮೊಗ್ಗದಲ್ಲಿ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಎರಡು ವರ್ಷ ಕಂಡಕಂಡವರನ್ನೆಲ್ಲ ಕೇಳಿದ್ದೇನೆ. ಇದ್ದಾರೆ. ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ, ಹೊಲಿಗೆ ಅಂಗಡಿಯ ಮಹಡಿಯ ಮೇಲೆ, ‘ಫೋಟೊ, ವಿಡಿಯೊ, ಲ್ಯಾಮಿನೇಷನ್’ ಎಂದಷ್ಟೇ ಬರೆದ ಒಂದು ಬೋರ್ಡು ಇದೆ. ಬೇರೆ ಹೆಸರಿಲ್ಲ. ಅಲ್ಲಿಗೆ ನಾನು ಏಳು ಕ್ಯಾಸೆಟ್ ಒಯ್ದಿದ್ದೆ. ಆರು ಬದುಕಿ ಮನೆಗೆ ಬಂದಿವೆ. ಆ ಆರರಲ್ಲೂ ಇರುವುದು ಒಬ್ಬರೇ ನಿರ್ದೇಶಕರ ಚಿತ್ರಗಳು: ಇಂಗ್ಲೆಂಡಿನ ಕೆನ್ ಲೋಚ್. ಆದ್ದರಿಂದ ಅಂಗಡಿಯ ಬಗ್ಗೆ ಬರೆಯಲು ಕೂತರೆ ಲೋಚ್ ಅವರ ಬಗ್ಗೆಯೂ ಬರೆಯಬೇಕಾಗುತ್ತದೆ. ಎರಡನ್ನೂ ಬಿಡಿಸಿ ಬೇರೆ ಬೇರೆ ಇಡಲು ನನ್ನಿಂದ ಆಗುತ್ತಿಲ್ಲ.

ಕ್ಯಾಸೆಟ್‌ಗಳು ನನ್ನ ಅಣ್ಣನವು. ವೈದ್ಯನಾಗಿದ್ದ ಅವನು 1980ರ ಸುಮಾರಿಗೆ ಇಂಗ್ಲೆಂಡಿಗೆ ಹೋಗಿ ಯಾರ್ಕ್‌ಶೈರಿನ ಬಾರ್ನ್ಸ್‌ಲಿ ಕಡೆ ಕೆಲಸಕ್ಕೆ ಸೇರಿದ. ಕಲ್ಲಿದ್ದಲು ಗಣಿಗಳ ಸೀಮೆ ಅದು. ಎದೆಯಲ್ಲಿ ಗಣಿಯ ದೂಳು ಕಟ್ಟಿಕೊಂಡು ಕೆಮ್ಮುವವರೇ ಅವನ ರೋಗಿಗಳು. ಊರಿಗೆ ಬರುವಾಗ ಉಳಿದವರು ಸೆಂಟು, ಚಾಕೊಲೇಟು ತಂದರೆ ಅವನು ಟಿವಿಯಿಂದ ರೆಕಾರ್ಡ್ ಮಾಡಿಕೊಂಡ ಚಿತ್ರಗಳನ್ನು ತರುತ್ತಿದ್ದ. ಪೆಟ್ಟಿಗೆಯ ಬೆನ್ನಿಗೆ ಹಸಿರು ಶಾಯಿಯಲ್ಲಿ ಕನ್ನಡದಲ್ಲೇ ಹೆಸರು ಬರೆದಿರುತ್ತಿದ್ದ. ಅಲ್ಲಿಯೂ ಇಲ್ಲಿಯೂ ಟಿವಿಗೆ ಪಾಲ್ ಎಂಬ ಒಂದೇ ಪ್ರಸಾರ ಪದ್ಧತಿ ಇದ್ದುದರಿಂದ ನಮ್ಮ ವಿಸಿಆರ್‌ನಲ್ಲಿ ಅವು ತಕರಾರಿಲ್ಲದೆ ಓಡುತ್ತಿದ್ದವು. ಒಳಗೆ ಮಡಿಸಿಟ್ಟ ಒಂದು ಚೀಟಿ ಇರುತ್ತಿತ್ತು. ಆ ಸೀಮೆಯ ಮಾತು ನನಗೆ ತಿಳಿಯುವುದಿಲ್ಲವೆಂದು ಅವನೇ ಮಾಡಿಕೊಟ್ಟ ಪದಕೋಶ. ‘ನೌಟ್ ಅಂದರೆ ಏನೂ ಇಲ್ಲ. ಔಟ್ ಅಂದರೆ ಏನಾದರೂ. ಪಠ್ಯಪುಸ್ತಕದ ಇಂಗ್ಲಿಷಲ್ಲ, ನಮ್ಮ ಅಜ್ಜಿಯ ಕನ್ನಡದ ಹಾಗೆ ಕೇಳು.’ ಅಣ್ಣ ಈಗಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಆಷಾಢದಿಂದ ಭಾದ್ರಪದದವರೆಗೆ ಚಪ್ಪಲಿಗೂ ಬೂಷ್ಟು, ಚೀಲಕ್ಕೂ ಬೂಷ್ಟು. ಹಿಂದೆ ಒಲೆಯ ಮೇಲಿನ ಹೊಗೆ ಅಟ್ಟದಲ್ಲಿ ಇಟ್ಟದ್ದೆಲ್ಲ ಉಳಿಯುತ್ತಿತ್ತು. ಗ್ಯಾಸು ಬಂದ ಮೇಲೆ ಅಟ್ಟವೂ ತಣ್ಣಗಾಯಿತು. ಕಬ್ಬಿಣದ ಟ್ರಂಕಿನಲ್ಲಿ ಹಳೆಯ ಸೀರೆ ಸುತ್ತಿ ಇಟ್ಟಿದ್ದ ಕ್ಯಾಸೆಟ್‌ಗಳನ್ನು ಮೂರು ವರ್ಷದ ಹಿಂದೆ ತೆಗೆದಾಗ, ಒಳಗಿನ ಸುರುಳಿಯ ಅಂಚಿನಲ್ಲಿ ಬೂದಿ ಉದುರಿಸಿದ ಹಾಗೆ ಬಿಳಿ ಕಂಡಿತು. ನಮ್ಮ ವಿಸಿಆರ್ ಎಂದೋ ಸತ್ತಿತ್ತು. ಜಗತ್ತಿನಲ್ಲಿ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನೈ ಕೂಡ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿದೆ. ಇರುವ ಯಂತ್ರಗಳು ಸವೆಯುವುದರೊಳಗೆ ಇವನ್ನು ಹೊರತೆಗೆಯಬೇಕು, ಇಲ್ಲವಾದರೆ ಹೋದಂತೆಯೇ.

ದೊಡ್ಡ ಊರಿನ ಒಂದು ಅಂಗಡಿಗೆ ಮೊದಲು ಫೋನು ಮಾಡಿದ್ದೆ. ‘ಫಂಗಸ್ ಇದ್ದರೆ ಮುಟ್ಟುವುದಿಲ್ಲ’ ಎಂದು ಮಾತು ಮುಗಿಸಿದರು. ನನ್ನ ಮಗ, ‘ಅಮ್ಮಾ, ಈ ಸಿನಿಮಾಗಳೆಲ್ಲ ಡಿಸ್ಕಿನಲ್ಲಿ ಸಿಗುತ್ತವೆ, ತರಿಸಿಕೊಡುತ್ತೇನೆ’ ಎಂದ. ತರಿಸಿಯೂ ಕೊಟ್ಟ. ಚಿತ್ರ ನಿಚ್ಚಳವಾಗಿದೆ, ಬಣ್ಣ ಶುದ್ಧವಾಗಿದೆ. ಆದರೆ ಅಣ್ಣ ಡ್ಯೂಟಿ ಮುಗಿಸಿ ಬಂದು, ಊಟಕ್ಕೆ ಮೊದಲು ಬಟನ್ ಒತ್ತಿ ಹಿಡಿದಿಟ್ಟ ಚಿತ್ರ ಅದಲ್ಲ.

ದುರ್ಗಿಗುಡಿಯ ಅಂಗಡಿಯ ಯಜಮಾನರಿಗೆ ಅರವತ್ತರ ಆಸುಪಾಸು. ತೊಂಬತ್ತರ ದಶಕದಲ್ಲಿ ಮದುವೆಗಳ ವಿಡಿಯೊ ತೆಗೆಯುತ್ತಿದ್ದವರು. ಕ್ಯಾಸೆಟ್ ಕೈಗೆ ತೆಗೆದುಕೊಂಡವರು ಬೆಲೆ ಹೇಳಲಿಲ್ಲ. ಮೊದಲು ಮೂಗಿನ ಹತ್ತಿರ ಹಿಡಿದರು. ಪಕ್ಕದ ಸಣ್ಣ ಗುಂಡಿ ಒತ್ತಿ ಮುಂದಿನ ಮುಚ್ಚಳ ಎತ್ತಿದರು. ಟಾರ್ಚನ್ನು ಓರೆಯಾಗಿ ಬಿಟ್ಟು ಟೇಪಿನ ಮೈಯನ್ನು ಒಂದಿಷ್ಟು ದೂರ ಎಳೆದು ನೋಡಿದರು. ‘ಮೇಡಂ, ಬೂಷ್ಟು ಅಂಚಿನಲ್ಲಿದೆ, ಮೈಗೆ ಇಳಿದಿಲ್ಲ. ಇದನ್ನು ಹೀಗೇ ಯಂತ್ರಕ್ಕೆ ಹಾಕಿದರೆ ಬೂಷ್ಟಿನ ಪುಡಿ ಟೇಪು ಓದುವ ಹೆಡ್ಡಿಗೆ ಅಂಟುತ್ತದೆ, ಮುಂದಿನವರ ಮದುವೆ ಕ್ಯಾಸೆಟ್ಟೂ ಹಾಳಾಗುತ್ತದೆ. ಅದಕ್ಕೇ ಎಲ್ಲರೂ ಬೇಡ ಎನ್ನುವುದು. ನಾನು ತೊಳೆಯುವುದಕ್ಕೇ ಬೇರೆ ಯಂತ್ರ ಇಟ್ಟಿದ್ದೇನೆ’ ಎಂದರು.

ಆ ‘ತೊಳೆಯುವ ಯಂತ್ರ’ವನ್ನು ಅವರು ತೋರಿಸಿದರು. ಹಳೆಯ ವಿಸಿಆರ್ ಒಂದರ ಹೆಡ್ಡು ಬಿಚ್ಚಿ, ಆ ಜಾಗದಲ್ಲಿ ಎರಡು ಸಣ್ಣ ಮರದ ಕಡ್ಡಿ ನಿಲ್ಲಿಸಿ, ಅದಕ್ಕೆ ಎಳೆ ಬಿಡದ ಮೆತ್ತನೆಯ ಬಟ್ಟೆ ಸುತ್ತಿದ್ದಾರೆ. ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನ ಪಸೆ. ಅರ್ಧ ಇಂಚು ಅಗಲದ ಟೇಪು ಆ ಎರಡು ಬಟ್ಟೆಗಳ ನಡುವೆ ಮೆಲ್ಲನೆ ಹಾದು ಹೋಗುತ್ತದೆ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 258 ಮೀಟರ್ ಟೇಪು ಇರುತ್ತದೆ. ಬಟ್ಟೆ ಕಪ್ಪಾದಂತೆ ಬದಲಿಸುತ್ತಾ, ಒಂದೊಂದನ್ನು ಎರಡು ಸಲ ಹಾಯಿಸುತ್ತಾರೆ. ಕೈಗೆ ಗವಸು, ಬಾಯಿಗೆ ಮಾಸ್ಕು, ಬಾಲ್ಕನಿಯಲ್ಲಿ ಕೆಲಸ. ನಮ್ಮಲ್ಲಿ ಅಡಿಕೆ ಸುಲಿಯಲು ಕೂತವರ ಮೆಟ್ಟುಗತ್ತಿಯ ಮುಂದೆ ಕೈ ಆಡುವುದನ್ನು ನೋಡಿ ಬೆಳೆದವಳು ನಾನು. ಕಣ್ಣು ಬೇರೆಲ್ಲೋ ಇದ್ದರೂ ಕೈ ತಪ್ಪುವುದಿಲ್ಲ. ಅದೇ ಕೈ ಇಲ್ಲಿಯೂ ಕಂಡಿತು.

ದರ ಹೀಗಿದೆ: ಕ್ಯಾಸೆಟ್ಟಿಗೆ 350 ರೂಪಾಯಿ, ಬೂಷ್ಟು ತೆಗೆಯಲು ಮೇಲೆ 150. ಕಡಿಮೆಯೇನಲ್ಲ. ಆದರೆ ಈ ಕೆಲಸಕ್ಕೆ ಒಳದಾರಿಯಿಲ್ಲ ಎಂಬುದನ್ನು ಕೊಡುವವರು ತಿಳಿದಿರಬೇಕು. ಎರಡು ಗಂಟೆಯ ಚಿತ್ರ ಕಂಪ್ಯೂಟರಿಗೆ ಇಳಿಯಲು ಎರಡು ಗಂಟೆಯೇ ಬೇಕು. ಮಧ್ಯೆ ಚಿತ್ರ ಅದುರಿದರೆ, ಗೆರೆ ಬಿದ್ದರೆ, ಕರೆಂಟು ಹೋದರೆ ಹಿಂದಕ್ಕೆ ಸುತ್ತಿ ಮತ್ತೆ ಹಿಡಿಯಬೇಕು. ಯಾರಾದರೂ ಎದುರಿಗೆ ಕೂತಿರಲೇಬೇಕು. ಬೇರೆಡೆ ಯಂತ್ರ ಓಡಲು ಬಿಟ್ಟು ಚಹಾಕ್ಕೆ ಹೋಗುತ್ತಾರೆ. ಇವರು ಕೂತು ನೋಡಿದರು. ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ ಎಂದರು, ಆದರೂ ಆರೂ ಚಿತ್ರಗಳನ್ನು ನೋಡಿದರು. ಮೂರನೆಯ ದಿನ ನನಗೆ ಫೋನು. ‘ಮೇಡಂ, ಆ ಗಿಡುಗದ ಹುಡುಗ ಕೊನೆಗೆ ಏನು ಮಾಡುತ್ತಾನೆ? ನಾಳೆ ಮುಂದಿನ ಭಾಗ ಹಿಡಿಯಬೇಕು, ಇವತ್ತು ರಾತ್ರಿ ನಿದ್ದೆ ಬರುವುದಿಲ್ಲ.’

ಆ ಹುಡುಗನ ಹೆಸರು ಬಿಲ್ಲಿ ಕ್ಯಾಸ್ಪರ್, ಚಿತ್ರ ‘ಕೆಸ್’. ನನ್ನ ಪಾಲಿಗೆ ಏಳೂ ಕ್ಯಾಸೆಟ್ಟಿನ ತೂಕ ಇದೊಂದರಲ್ಲೇ ಇದೆ.

ಲೋಚ್ ಹುಟ್ಟಿದ್ದು 1936ರ ಜೂನ್ 17ರಂದು, ಇಂಗ್ಲೆಂಡಿನ ನಡುನಾಡಿನ ನನೀಟನ್ ಎಂಬ ಊರಿನಲ್ಲಿ. ತಂದೆ ಎಲೆಕ್ಟ್ರಿಷಿಯನ್. ಮಗ ವಾಯುಪಡೆಯಲ್ಲಿ ಎರಡು ವರ್ಷದ ಕಡ್ಡಾಯ ಸೇವೆ ಮುಗಿಸಿ ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದರು. ಓದುವಾಗಲೇ ನಾಟಕದ ಹುಚ್ಚು ಹತ್ತಿ ವಕೀಲಿಕೆ ಅಲ್ಲಿಗೇ ನಿಂತಿತು. 1963ರಲ್ಲಿ ಬಿಬಿಸಿ ಟಿವಿಗೆ ತರಬೇತಿ ನಿರ್ದೇಶಕರಾಗಿ ಸೇರಿದರು. ಮೂರೇ ವರ್ಷದಲ್ಲಿ, 1966ರ ನವೆಂಬರ್ 16ರ ರಾತ್ರಿ ಅವರ ‘ಕ್ಯಾಥಿ ಕಮ್ ಹೋಮ್’ ಪ್ರಸಾರವಾಯಿತು. ನೋಡಿದವರು ಸುಮಾರು 1.2 ಕೋಟಿ ಜನ. ಮದುವೆಯಾದ ಒಂದು ಸಾಧಾರಣ ಜೋಡಿ. ಗಂಡನಿಗೆ ಅಪಘಾತವಾಗಿ ಕೆಲಸ ಹೋಗುತ್ತದೆ. ಮನೆ ಹೋಗುತ್ತದೆ, ಆಮೇಲೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗುತ್ತಾರೆ. ಕೊನೆಗೆ ರೈಲು ನಿಲ್ದಾಣದಲ್ಲಿ ಅಧಿಕಾರಿಗಳು ತಾಯಿಯ ಕೈಯಿಂದ ಮಕ್ಕಳನ್ನು ಎಳೆದುಕೊಂಡು ಹೋಗುತ್ತಾರೆ. ಮನೆಯಿಲ್ಲದವರಿಗಾಗಿ ‘ಶೆಲ್ಟರ್’ ಎಂಬ ಸಂಸ್ಥೆ ಅದೇ ಡಿಸೆಂಬರ್ ಒಂದರಂದು ಶುರುವಾಯಿತು. ಅದರ ಸಿದ್ಧತೆ ಬೇರೆಯಾಗಿಯೇ ನಡೆದಿತ್ತು, ಆದರೆ ಜನರ ಮನಸ್ಸನ್ನು ಹದ ಮಾಡಿದ್ದು ಈ ಚಿತ್ರ. ಇಷ್ಟಾದರೂ ಮನೆಯಿಲ್ಲದವರಿಗೆ ಆಸರೆ ಕೊಡುವುದು ಸ್ಥಳೀಯ ಆಡಳಿತದ ಹೊಣೆ ಎನ್ನುವ ಕಾಯ್ದೆ ಬಂದದ್ದು 1977ರಲ್ಲಿ.

ಈ ಚಿತ್ರ ನಮ್ಮ ಮನೆಯಲ್ಲಿ ಮೊದಲು ಹಾಕಿದ ದಿನ ನನ್ನ ಅತ್ತೆ ಕಂಬಕ್ಕೆ ಒರಗಿ ಕೂತು ಬತ್ತಿ ಹೊಸೆಯುತ್ತಿದ್ದರು. ಅವರ ತವರು ಶರಾವತಿಯ ದಂಡೆಯದು, ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದ್ದು. ಅವರಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ನಿಲ್ದಾಣದ ದೃಶ್ಯ ಬಂದಾಗ ಬತ್ತಿ ಹೊಸೆಯುವ ಕೈ ನಿಂತಿತು. ‘ಲಾರಿ ಬಂದ ದಿನ ನಮ್ಮ ಅಬ್ಬೆ ಹೀಗೇ ಅತ್ತದ್ದು’ ಎಂದರು. ಎದ್ದು ಒಳಗೆ ಹೋದರು. ಶರಾವತಿ ಮುಳುಗಡೆಯವರಲ್ಲಿ ಎಷ್ಟೋ ಮನೆಯವರು ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿದ್ದಾರೆ.

‘ಕೆಸ್’ ತಯಾರಾದದ್ದು 1969ರಲ್ಲಿ, ಅಣ್ಣನಿದ್ದ ಅದೇ ಬಾರ್ನ್ಸ್‌ಲಿ ಸೀಮೆಯಲ್ಲಿ. ಬ್ಯಾರಿ ಹೈನ್ಸ್ ಅವರ ಕಾದಂಬರಿ ಆಧಾರ. ಗಣಿ ಕೆಲಸದ ಹೊರತು ಬೇರೆ ಭವಿಷ್ಯವಿಲ್ಲದ ಹುಡುಗ ಬಿಲ್ಲಿ ಗೂಡಿನಿಂದ ಒಂದು ಗಿಡುಗದ ಮರಿ ತಂದು, ಪುಸ್ತಕ ಕದ್ದು ಓದಿ, ಅದನ್ನು ಪಳಗಿಸುತ್ತಾನೆ. ಬಿಲ್ಲಿಯ ಪಾತ್ರ ಮಾಡಿದ ಡೇವಿಡ್ ಬ್ರಾಡ್ಲಿ ಅದೇ ಊರಿನ ಶಾಲೆಯ ಹುಡುಗ. ಕಾದಂಬರಿಕಾರರ ತಮ್ಮನೇ ಅವನಿಗೆ ಗಿಡುಗ ಪಳಗಿಸುವುದನ್ನು ಕಲಿಸಿದರು. ಹುಡುಗನ ಕೈಗವಸಿನ ಮೇಲೆ ಗಿಡುಗ ಬಂದು ಇಳಿಯುವುದು ನಟನೆಯಲ್ಲ, ನಿಜವಾದ ಅಭ್ಯಾಸ. ಲೋಚ್ ಅವರ ಕ್ರಮವೇ ಹಾಗೆ. ಕಥೆ ನಡೆಯುವ ಅನುಕ್ರಮದಲ್ಲೇ ಚಿತ್ರೀಕರಣ ಮಾಡುತ್ತಾರೆ. ಮುಂದೇನಾಗುತ್ತದೆ ಎಂದು ನಟರಿಗೆ ಮೊದಲೇ ಹೇಳುವುದಿಲ್ಲ. ಕ್ಯಾಮೆರಾ ದೂರದಲ್ಲಿ, ಒಂದು ಮೂಲೆಯಲ್ಲಿ, ಆ ಕೋಣೆಗೆ ಬಂದು ನಿಂತ ಒಬ್ಬ ಮನುಷ್ಯನ ಹಾಗೆ ಇರುತ್ತದೆ. ಛಾಯಾಗ್ರಾಹಕ ಕ್ರಿಸ್ ಮೆಂಗಸ್ ಕಿಟಕಿಯ ಬೆಳಕನ್ನೇ ನೆಚ್ಚಿಕೊಂಡು ತೆಗೆದದ್ದು.

ಚಿತ್ರದ ನಡುವೆ ಒಂದು ತರಗತಿ ಬರುತ್ತದೆ. ಮೇಷ್ಟ್ರು ಫಾರ್ದಿಂಗ್, ನಿಜ ಮತ್ತು ಕಲ್ಪನೆ ಎಂಬ ಪಾಠ ಮಾಡುತ್ತಿದ್ದಾರೆ. ಬಿಲ್ಲಿಯ ಗಮನ ಎಲ್ಲೋ ಇದೆ. ಮೇಷ್ಟ್ರು ಅವನನ್ನು ಎಬ್ಬಿಸಿ ನಿಲ್ಲಿಸಿ, ನಿನ್ನ ಬಗ್ಗೆ ಒಂದು ನಿಜ ಸಂಗತಿ ಹೇಳು ಎನ್ನುತ್ತಾರೆ. ಹುಡುಗ ಬಾಯಿ ಬಿಡುವುದಿಲ್ಲ. ಯಾರೋ ಹಿಂದಿನಿಂದ ಗಿಡುಗದ ಮಾತೆತ್ತುತ್ತಾರೆ. ಬಿಲ್ಲಿ ಮೊದಲು ಗೊಣಗುತ್ತಾ, ಆಮೇಲೆ ಮಾತಿಗೆ ಮಾತು ಕೂಡುತ್ತಾ, ಹಕ್ಕಿಯ ಕಾಲಿಗೆ ಕಟ್ಟುವ ಚರ್ಮದ ಪಟ್ಟಿ ಹೇಗಿರುತ್ತದೆ, ಮೊದಲ ಸಲ ದಾರ ಬಿಚ್ಚಿ ಹಾರಲು ಬಿಟ್ಟ ದಿನ ಏನಾಯಿತು ಎಂದೆಲ್ಲ ಹೇಳುತ್ತಾ ಹೋಗುತ್ತಾನೆ. ಇಡೀ ತರಗತಿ ಉಸಿರು ಹಿಡಿದು ಕೇಳುತ್ತದೆ. ಮೇಷ್ಟ್ರ ಮುಖದಲ್ಲಿ ಕಲಿಯುವವನ ಕುತೂಹಲ ಮೂಡುತ್ತದೆ. ಆ ಪಾತ್ರ ಮಾಡಿದವರು ಕಾಲಿನ್ ವೆಲ್ಯಾಂಡ್. ಸ್ವತಃ ಶಿಕ್ಷಕರಾಗಿದ್ದವರು.

ನಾನು ಇದನ್ನು ನೋಡಿದ್ದು 1993ರ ದಸರಾ ರಜೆಯಲ್ಲಿ. ಆಗ ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಎಂಟನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಓದಲು ಎಬ್ಬಿಸಿದರೆ ಪುಸ್ತಕ ನೋಡುತ್ತಾ ನಿಲ್ಲುತ್ತಿದ್ದ, ಅಷ್ಟೇ. ಅವನ ಅಂಗೈಗೆ ಬೆತ್ತದಿಂದ ಹೊಡೆದಿದ್ದೇನೆ. ಒಂದು ಸಲವಲ್ಲ. ರಜೆ ಮುಗಿದ ವಾರ ನಾನು ಅವನನ್ನು ಎಬ್ಬಿಸಿ, ‘ಓದುವುದು ಬೇಡ, ನಿನಗೆ ಗೊತ್ತಿರುವುದು ಏನಾದರೂ ಹೇಳು’ ಎಂದೆ. ಸುಮ್ಮನೆ ನಿಂತ. ಪಕ್ಕದವನು ಕೂಗಿದ: ‘ಟೀಚರ್, ಅವನಿಗೆ ಜೇನು ಗೊತ್ತು.’

ಅಂದು ಆ ಹುಡುಗ ಇಪ್ಪತ್ತು ನಿಮಿಷ ಮಾತಾಡಿದ. ಹೆಜ್ಜೇನು, ಕೋಲುಜೇನು, ತುಡುವೆ, ಮಿಸರೆ. ಯಾವುದು ಎಲ್ಲಿ ಕಟ್ಟುತ್ತದೆ, ಯಾವುದರ ತುಪ್ಪ ಯಾವ ತಿಂಗಳಲ್ಲಿ ಗಟ್ಟಿ, ಎರಿಯ ಯಾವ ಭಾಗ ಬಿಟ್ಟು ಕೊಯ್ದರೆ ಕುಟುಂಬ ಓಡಿಹೋಗುವುದಿಲ್ಲ. ಕಾಡಿನಲ್ಲಿ ತುಡುವೆಯ ಪೊಟರೆಯನ್ನು ಹುಡುಕುವುದು ಹೇಗೆ ಎಂದು ನಾನೇ ಕೇಳಿದೆ. ‘ಹಳ್ಳದ ಹತ್ತಿರ ಕೂರಬೇಕು ಟೀಚರ್. ಹೂವಿನ ಮೇಲಿರುವ ನೊಣ ಅಲ್ಲಿ ಇಲ್ಲಿ ಸುತ್ತುತ್ತದೆ. ನೀರು ಕುಡಿದ ನೊಣ ಸುತ್ತುವುದಿಲ್ಲ, ನೆಟ್ಟಗೆ ಮನೆಗೆ ಹೋಗುತ್ತದೆ.’ ನನ್ನ ಮೂವತ್ತೆರಡು ವರ್ಷದ ನೌಕರಿಯಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ಸ್ಪಷ್ಟವಾದ ವಾಕ್ಯ ಹೇಳಿದ್ದು ನನಗೆ ನೆನಪಿಲ್ಲ. ಅವನು ಹತ್ತನೆಯ ತರಗತಿ ದಾಟಲಿಲ್ಲ. ನಾನು ಅವನನ್ನು ದಡ ಸೇರಿಸಿದೆ ಎಂದು ಹೇಳಲಾರೆ. ಆದರೆ ಅಂದಿನಿಂದ ನಿವೃತ್ತಿಯವರೆಗೆ ಬೆತ್ತವನ್ನು ಕೈಯಲ್ಲಿ ಹಿಡಿಯಲಿಲ್ಲ.

ಹೀಗೆ ಹೇಳುವವಳಿಗೆ ‘ಕೆಸ್’ನ ಬಗ್ಗೆ ಒಂದು ಬಲವಾದ ತಕರಾರೂ ಇದೆ. ಮುಖ್ಯೋಪಾಧ್ಯಾಯರು ಹುಡುಗರನ್ನು ಸಾಲಾಗಿ ನಿಲ್ಲಿಸಿ ಹೊಡೆಯುವ ದೃಶ್ಯದಲ್ಲಿ, ಸುದ್ದಿ ಹೇಳಲು ಬಂದ ಏನೂ ತಪ್ಪು ಮಾಡದ ಪುಟ್ಟ ಹುಡುಗನಿಗೂ ಏಟು ಬೀಳುತ್ತದೆ. ಆ ಮಕ್ಕಳಿಗೆ ನಿಜವಾಗಿಯೇ ಹೊಡೆಯಲಾಗಿತ್ತು. ಪುಟ್ಟವನ ಕಣ್ಣೀರು ನಿಜ. ನೋಡುವವರ ಎದೆಗೆ ನಾಟುತ್ತದೆ, ಸರಿ. ಆದರೂ ಮಗುವಿಗೆ ನೋವು ಮಾಡಿ ತೆಗೆದ ಸತ್ಯವನ್ನು ನಾನು ಒಪ್ಪಲಾರೆ. ಅಂಗಡಿಯವರಿಗೂ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೊಡೆಸಿಕೊಂಡವರು ನಾವೂ ಇದ್ದೇವೆ ಮೇಡಂ, ಆದರೆ ಅದಕ್ಕೆ ಸಾಕ್ಷಿ ಇಲ್ಲ’ ಎಂದರು.

ಮೂರನೆಯ ಕ್ಯಾಸೆಟ್ಟಿನ ಮೇಲೆ ಅಣ್ಣ ಕೆಂಪು ಶಾಯಿಯಲ್ಲಿ ಬರೆದಿದ್ದ: ‘ನನ್ನ ಜನ’. 1984ರ ಮಾರ್ಚಿನಿಂದ ಒಂದು ವರ್ಷ ನಡೆದ ಗಣಿ ಕಾರ್ಮಿಕರ ಮುಷ್ಕರದ ಹಾಡು, ಕವಿತೆಗಳನ್ನು ಹಿಡಿದ ಸಾಕ್ಷ್ಯಚಿತ್ರ ‘ವಿಚ್ ಸೈಡ್ ಆರ್ ಯು ಆನ್?’. ಇದನ್ನು ಮಾಡಿಸಿದ ವಾಹಿನಿಯೇ ತೋರಿಸಲು ಒಪ್ಪಲಿಲ್ಲ. ಇಟಲಿಯಲ್ಲಿ ಪ್ರಶಸ್ತಿ ಬಂದ ಮೇಲೆ ಚಾನೆಲ್ 4ರಲ್ಲಿ ಪ್ರಸಾರವಾಯಿತು. ಎಂಬತ್ತರ ದಶಕ ಲೋಚ್ ಅವರ ಬಾಳಿನ ಒಣ ಕಾಲ. ಕಾರ್ಮಿಕ ನಾಯಕರನ್ನು ಕುರಿತ ಅವರ ನಾಲ್ಕು ಭಾಗಗಳ ಸರಣಿ ಪ್ರಸಾರವೇ ಆಗಲಿಲ್ಲ. ಅವರು ನಿರ್ದೇಶಿಸಿದ ನಾಟಕವೊಂದು 1987ರಲ್ಲಿ ಪ್ರದರ್ಶನಕ್ಕೆ ಮೊದಲೇ ರದ್ದಾಯಿತು. ಹೊಟ್ಟೆಪಾಡಿಗೆ ಜಾಹೀರಾತು ಮಾಡಿದರು. ಮಕ್ಡೊನಾಲ್ಡ್ಸ್ ಕಂಪನಿಗೆ ಮಾಡಿದ ಒಂದು ಜಾಹೀರಾತು ತಮ್ಮ ಮನಸ್ಸಾಕ್ಷಿಗೆ ಚುಚ್ಚುತ್ತದೆ ಎಂದು ಅವರೇ ಆಮೇಲೆ ಹೇಳಿಕೊಂಡರು. ಇದಕ್ಕೂ ಹಿಂದೆ, 1971ರಲ್ಲಿ, ಒಂದು ರಸ್ತೆ ಅಪಘಾತದಲ್ಲಿ ಅವರ ಐದು ವರ್ಷದ ಮಗ ತೀರಿಕೊಂಡಿದ್ದ. ಇಷ್ಟರ ನಡುವೆ ಒಬ್ಬ ಮನುಷ್ಯ ಕೆಲಸ ಬಿಡದೆ ನಿಂತದ್ದು ಹೇಗೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ತೊಂಬತ್ತರ ನಂತರ ಮತ್ತೆ ನೀರು ಹರಿಯಿತು. ‘ರಿಫ್-ರಾಫ್’ ಕಟ್ಟಡ ಕೂಲಿಗಳ ಕಥೆ. ಪಾತ್ರಕ್ಕೆ ಬಂದವರಿಗೆ ಕಟ್ಟಡದ ಕೆಲಸದ ಅನುಭವ ಇರಬೇಕೆಂದು ಲೋಚ್ ಪಟ್ಟು ಹಿಡಿದಿದ್ದರು. ಅದರಲ್ಲಿರುವ ರಿಕಿ ಟಾಮ್ಲಿನ್ಸನ್ ಗಾರೆ ಕೆಲಸದವರು. ಮುಷ್ಕರದಲ್ಲಿ ಭಾಗವಹಿಸಿದ್ದಕ್ಕಾಗಿ 1973ರಲ್ಲಿ ಜೈಲು ಕಂಡವರು. ಆ ಶಿಕ್ಷೆಯನ್ನು ನ್ಯಾಯಾಲಯ ರದ್ದು ಮಾಡಿದ್ದು 2021ರಲ್ಲಿ. ‘ರೇನಿಂಗ್ ಸ್ಟೋನ್ಸ್’ ಮಗಳ ಧಾರ್ಮಿಕ ಸಮಾರಂಭಕ್ಕೆ ಹೊಸ ಬಿಳಿ ಉಡುಪು ಕೊಡಿಸಲೇಬೇಕೆಂದು ಸಾಲದಲ್ಲಿ ಬೀಳುವ ತಂದೆಯದು. ಹೆಸರಿನ ಅರ್ಥ, ದುಡಿಯುವವನ ಪಾಲಿಗೆ ವಾರದ ಏಳು ದಿನವೂ ಕಲ್ಲಿನ ಮಳೆ. ಮಗಳ ಮದುವೆಗೆ ಮುಂದಿನ ವರ್ಷದ ಅಡಿಕೆ ಫಸಲನ್ನು ಈ ವರ್ಷವೇ ಒತ್ತೆಯಿಟ್ಟು, ಕೊಳೆರೋಗ ಬಂದು ಕಂಗೆಟ್ಟವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ.

‘ಲ್ಯಾಂಡ್ ಅಂಡ್ ಫ್ರೀಡಮ್’ (1995) ಸ್ಪೇನಿನ ಅಂತರ್ಯುದ್ಧದ್ದು. ಅದರಲ್ಲಿ ಹಳ್ಳಿಯ ಜನ ಒಂದು ಮನೆಯಲ್ಲಿ ಸೇರಿ, ಜಮೀನುದಾರನ ನೆಲವನ್ನು ಎಲ್ಲರೂ ಸೇರಿ ಉಳಬೇಕೇ, ಹಂಚಿಕೊಳ್ಳಬೇಕೇ ಎಂದು ವಾದಿಸುವ ಉದ್ದನೆಯ ದೃಶ್ಯವಿದೆ. ಬೇಸರವಾಗುತ್ತದೆ ಎನ್ನುವವರಿದ್ದಾರೆ. ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆಯ ನನಗೆ ಅದೇ ಚಿತ್ರದ ಜೀವ. 1951ರಲ್ಲಿ ಸಾಗರ ತಾಲ್ಲೂಕಿನ ಗೇಣಿದಾರರು ಎದ್ದು ನಿಂತದ್ದು ಭತ್ತ ಅಳೆಯುವ ಕೊಳಗದ ಅಳತೆಯ ತಕರಾರಿನಿಂದ. ನೆಲದ ಮಾತು ಎಲ್ಲಿಯೂ ಚುಟುಕಾಗಿ ಮುಗಿಯುವುದಿಲ್ಲ. ಆದರೆ ಲೋಚ್ ಅವರ ಎಲ್ಲ ಚಿತ್ರಗಳಿಗೂ ನಾನು ಇದೇ ರಿಯಾಯಿತಿ ಕೊಡುವುದಿಲ್ಲ. ಕೊನೆಕೊನೆಯ ಕೆಲವು ಚಿತ್ರಗಳಲ್ಲಿ ಪಾತ್ರಗಳ ಬಾಯಲ್ಲಿ ನಿರ್ದೇಶಕರ ಮಾತು ಕೇಳಿಸುತ್ತದೆ. ‘ಕೆಸ್’ನಲ್ಲಿ ಒಂದು ಮಾತೂ ಹಾಗೆ ಕೇಳಿಸುವುದಿಲ್ಲ.

ಮುಂದಿನದು ಅಣ್ಣನ ಕ್ಯಾಸೆಟ್ಟಿನಲ್ಲಿಲ್ಲ. 1996ರಿಂದ ಪಾಲ್ ಲಾವರ್ಟಿ ಅವರ ಚಿತ್ರಕಥೆ, 2006ರಲ್ಲಿ ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟದ ಚಿತ್ರಕ್ಕೆ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್, 2016ರಲ್ಲಿ ‘ಐ, ಡೇನಿಯಲ್ ಬ್ಲೇಕ್’ಗೆ ಮತ್ತೆ ಅದೇ ಪ್ರಶಸ್ತಿ. ಈ ಕೊನೆಯದನ್ನು ಮಗ ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದ. ಹೃದಯಾಘಾತವಾದ ಬಡಗಿಗೆ ವೈದ್ಯರು ಕೆಲಸ ಬೇಡ ಎನ್ನುತ್ತಾರೆ, ಭತ್ಯೆ ಕೊಡುವ ಕಚೇರಿ ಕೆಲಸ ಮಾಡಬಲ್ಲೆ ಎನ್ನುತ್ತದೆ. ಅರ್ಜಿ ಕಂಪ್ಯೂಟರಿನಲ್ಲೇ ತುಂಬಬೇಕು. ಮೌಸನ್ನು ಪರದೆಯ ಮೇಲೆ ಓಡಿಸು ಎಂದರೆ ಅವನು ಮೌಸನ್ನೇ ಎತ್ತಿ ಪರದೆಗೆ ಹಿಡಿಯುತ್ತಾನೆ. ಮರವನ್ನು ಮುಟ್ಟಿ ನೋಡಿಯೇ ಅಳತೆ ಹೇಳಬಲ್ಲ ಕೈ ಅದು. ಬಗರ್‌ಹುಕುಂ ಅರ್ಜಿಯ ಗತಿ ತಿಳಿಯಲು ಹೋಗಿ ‘ಸರ್ವರ್ ಡೌನ್’ ಎಂಬ ಉತ್ತರ ಹೊತ್ತು ಕೊನೆಯ ಬಸ್ಸಿಗೆ ಮರಳುವ ನಮ್ಮ ನೆರೆಯ ಗೌಡರ ಕೈಯೂ ಅಂಥದ್ದೇ.

ಈಗ ಅಂಗಡಿಯ ಲೋಪಗಳು. ‘ರಿಫ್-ರಾಫ್’ನ ಕಡತದಲ್ಲಿ ಅರ್ಧದಿಂದ ಮುಂದೆ ಮಾತು ತುಟಿಗಿಂತ ಹಿಂದೆ ಬೀಳುತ್ತಿತ್ತು. ಮನೆಗೆ ಒಯ್ದ ಮೇಲೆ ತಿಳಿಯಿತು. ಮತ್ತೆ ಮೂರು ತಾಸು ಹೋಗಿಬರುವ ಬಸ್ಸು. ಕೊಡುವ ಮೊದಲು ಆರಂಭ, ನಡು, ಕೊನೆ ಮೂರೂ ಕಡೆ ಅವರೇ ಪರೀಕ್ಷಿಸಬೇಕಿತ್ತು. ತಪ್ಪು ಒಪ್ಪಿಕೊಂಡು ಹಣ ಕೇಳದೆ ಪೂರ್ತಿ ಹೊಸದಾಗಿ ಹಿಡಿದುಕೊಟ್ಟರು. ಕಾಯುತ್ತಾ ಕೂತಿದ್ದಾಗ ಅವರಿಗೆ ಒಂದು ಸಂಗತಿ ಹೇಳಿದೆ. ಎಲ್ಲರೂ ಕಂಪ್ಯೂಟರಿನಲ್ಲಿ ಸಂಕಲನ ಮಾಡುವ ಕಾಲದಲ್ಲೂ ಲೋಚ್ ಫಿಲ್ಮನ್ನು ಕೈಯಿಂದ ಕತ್ತರಿಸಿ ಅಂಟಿಸುತ್ತಿದ್ದರು. ಚಿತ್ರದ ಸುರುಳಿ, ಧ್ವನಿಯ ಸುರುಳಿ ಎರಡರ ಅಂಚಿಗೂ ಒಂದೇ ಅಂಕಿ ಒತ್ತಿದರೆ ಮಾತೂ ತುಟಿಯೂ ಕೂಡಿಕೊಳ್ಳುತ್ತವೆ. 2013ರಲ್ಲಿ ಆ ಅಂಕಿ ಒತ್ತುವ ಟೇಪೇ ಮಾರುಕಟ್ಟೆಯಲ್ಲಿ ಸಿಗದಾಯಿತು. ಯಾರಲ್ಲಾದರೂ ಇದ್ದರೆ ಕೊಡಿ ಎಂದು ಲೋಚ್ ಕೇಳಿಕೊಂಡರು. ಕಳುಹಿಸಿದ್ದು ಕಂಪ್ಯೂಟರ್ ಚಿತ್ರಗಳಿಗೆ ಹೆಸರಾದ ಅಮೆರಿಕದ ಪಿಕ್ಸಾರ್ ಕಂಪನಿಯವರು. ಯಜಮಾನರು ಇದನ್ನು ಕೇಳಿ ಮಗಳನ್ನು ಕೂಗಿ ಕರೆದು ಮತ್ತೊಮ್ಮೆ ಹೇಳಿಸಿದರು.

ಮಗಳ ಬಗ್ಗೆಯೂ ಹೇಳಬೇಕು. ಕಂಪ್ಯೂಟರಿನ ಕೆಲಸ ಅವಳದು. ‘ಕೆಸ್’ ಮುಗಿದ ಮೇಲೆ ಕ್ಯಾಸೆಟ್ಟಿನಲ್ಲಿ ನಾಲ್ಕು ನಿಮಿಷ ಬೇರೇನೋ ಇತ್ತು. ಅಣ್ಣ ನಿಲ್ಲಿಸಲು ಮರೆತದ್ದು, ಅಥವಾ ನಿದ್ದೆ ಹೋದದ್ದು. ಹವಾಮಾನ ವರದಿ. ಕೋಟು ಹಾಕಿದವರೊಬ್ಬರು ನಕ್ಷೆಯ ಮುಂದೆ ನಿಂತು, ಉತ್ತರ ಇಂಗ್ಲೆಂಡಿನಲ್ಲಿ ರಾತ್ರಿಯಿಡೀ ಮಳೆ ಎನ್ನುತ್ತಾರೆ. ಬೇರೆ ಯಾರೇ ಆಗಿದ್ದರೂ ಕತ್ತರಿಸಿ ಎಸೆಯುತ್ತಿದ್ದರು. ಅವಳು ಫೋನು ಮಾಡಿ, ‘ಆಂಟಿ, ಕೊನೆಯಲ್ಲಿ ಮಳೆಯ ಸುದ್ದಿ ಇದೆ, ಇಟ್ಟುಕೊಳ್ಳಲೇ?’ ಎಂದಳು. ಇಟ್ಟುಕೋ ಮಗಳೇ ಎಂದೆ. ಅಣ್ಣನ ಚೀಟಿಗಳನ್ನೂ ಕೇಳದೆಯೇ ಸ್ಕ್ಯಾನ್ ಮಾಡಿ ಪೆನ್‌ಡ್ರೈವಿನಲ್ಲಿ ಹಾಕಿದ್ದಾಳೆ. ತಮ್ಮಲ್ಲಿ ಪ್ರತಿ ಇಟ್ಟುಕೊಳ್ಳುವುದಿಲ್ಲ ಎಂದು ನನ್ನೆದುರೇ ಅಳಿಸಿ ತೋರಿಸಿದರು.

ಹೋಗುವವರಿಗೆ ಕೆಲವು ಮಾತು. ಮೆಟ್ಟಿಲು ಕಡಿದು, ಹಿಡಿಕೆ ಇಲ್ಲ, ಮಂಡಿನೋವಿನವರು ಕೆಳಗಿನಿಂದಲೇ ಫೋನು ಮಾಡಿದರೆ ಇಳಿದು ಬರುತ್ತಾರೆ. ಮಧ್ಯಾಹ್ನ ಎರಡರಿಂದ ನಾಲ್ಕು ಬಾಗಿಲು ಹಾಕಿರುತ್ತದೆ. ಹತ್ತು ದಿನ ಎಂದದ್ದು ನನಗೆ ಹದಿನೆಂಟು ದಿನವಾಯಿತು. ಕ್ಯಾಸೆಟ್ಟನ್ನು ಮನೆಯಲ್ಲಿ ಬಿಸಿಲಿಗೆ ಹಾಕಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ, ಓಡುತ್ತದೆಯೇ ನೋಡೋಣ ಎಂದು ಯಾರದೋ ವಿಸಿಆರ್‌ಗೆ ತುರುಕಬೇಡಿ. ಹೇಗಿದೆಯೋ ಹಾಗೆ, ನೆಟ್ಟಗೆ ನಿಲ್ಲಿಸಿ ಒಯ್ಯಿರಿ.

ಏಳನೆಯದು ಇನ್ನೂ ಅವರಲ್ಲೇ ಇದೆ. ಅದರ ಮೇಲೆ ಹಸಿರು ಶಾಯಿಯಲ್ಲಿ ‘ಮನೆ, 1986’ ಎಂದಷ್ಟೇ ಇದೆ. ಅಣ್ಣ ಆ ವರ್ಷ ಯಾರದೋ ಕ್ಯಾಮೆರಾ ಕಡ ತಂದು ತನ್ನ ಮನೆಯನ್ನು ತೆಗೆದಿದ್ದನಂತೆ. ನಾನು ಒಮ್ಮೆಯೂ ನೋಡಿಲ್ಲ. ಟೇಪಿನ ಪದರಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಳೆದರೆ ಮೈಯೇ ಸುಲಿದು ಬರುತ್ತದೆ ಎಂದು ಯಜಮಾನರು ಮೊದಲ ದಿನವೇ ಅದನ್ನು ಬದಿಗಿಟ್ಟರು. ‘ಈ ಗಾಳಿಯಲ್ಲಿ ನೀರಿದೆ ಮೇಡಂ. ದೀಪಾವಳಿ ಕಳೆದು ಒಣಗಾಳಿ ಬರಲಿ. ಆಗ ಒಂದು ಗೇಣು ಬಿಚ್ಚಿ ನೋಡುತ್ತೇನೆ, ಬಂದರೆ ಇನ್ನೊಂದು ಗೇಣು’ ಎಂದಿದ್ದಾರೆ. ಮುಂಗಡ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಹರಳಿನ ಪೊಟ್ಟಣಗಳ ನಡುವೆ ಅದನ್ನಿಟ್ಟು, ಮುಚ್ಚಳದ ಮೇಲೆ ಪೆನ್ನಿನಿಂದ ‘ಟೀಚರ್ ಅಣ್ಣನದು’ ಎಂದು ಬರೆದು ಮೇಲಿನ ಕಪಾಟಿನಲ್ಲಿ ಇಟ್ಟರು.